ಬೆಲ್ಟ್ ನೋಡಿ ಸೇರಿಸಬೇಡಿ, ಮಾಸ್ಟರನ್ನು ನೋಡಿ ಸೇರಿಸಿ

ವಾರ್ಷಿಕ ಪರೀಕ್ಷೆ ಮುಗಿಯುತ್ತಾ ಬಂದ ಹಾಗೆ ಬೆಳಗ್ಗಿನ ಪೇಪರಿನ ಒಳಗಿಂದ ಬಣ್ಣದ ಚೀಟಿಗಳು ಉದುರಲು ಶುರುವಾಗುತ್ತವೆ. ಕರಾಟೆ, ಟೇಕ್ವಾಂಡೊ, ಕಿಕ್ ಬಾಕ್ಸಿಂಗ್, ಹತ್ತೇ ದಿನದಲ್ಲಿ ಆತ್ಮರಕ್ಷಣೆ. ಕೊಪ್ಪಳ, ಗಂಗಾವತಿಯಲ್ಲಿ ಇದು ಸ್ವಲ್ಪ ಹೆಚ್ಚು, ಕುಷ್ಟಗಿ, ಯಲಬುರ್ಗಾದಲ್ಲಿ ಒಂದೋ ಎರಡೋ. ಚೀಟಿ ಕೈಗೆ ಬಂದ ಮೇಲೆ ಮನೆಯವರು ನಮ್ಮ ಹತ್ತಿರ ಕೇಳುವ ಪ್ರಶ್ನೆ ಎರಡು. "ಉಸ್ತಾದ್, ಮಕ್ಕಳನ್ನು ಇದಕ್ಕೆ ಕಳಿಸಬಹುದಾ?" "ಕಳಿಸುವುದಾದರೆ ಯಾವುದಕ್ಕೆ ಕಳಿಸಬೇಕು?"

ಮೊದಲನೆಯದಕ್ಕೆ ಉತ್ತರ ಕಷ್ಟವಿಲ್ಲ. ದೇಹವನ್ನು ಗಟ್ಟಿ ಮಾಡಿಕೊಳ್ಳುವುದನ್ನು ನಮ್ಮ ದೀನ್ ತಡೆದಿಲ್ಲ, ಪ್ರೋತ್ಸಾಹಿಸಿದೆ. ಪ್ರವಾದಿ(ಸ)ರು ರುಕಾನ ಎಂಬ ಜಟ್ಟಿಯೊಂದಿಗೆ ಕುಸ್ತಿ ಆಡಿದ ವರದಿ ಹದೀಸ್ ಗ್ರಂಥಗಳಲ್ಲಿದೆ. ಎದುರಾಳಿಯನ್ನು ಕೆಡವುವವನಿಗಿಂತ ಸಿಟ್ಟು ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂಬ ಪಾಠವನ್ನೂ ಅದೇ ಗ್ರಂಥಗಳಿಂದ ಮಕ್ಕಳಿಗೆ ಹೇಳಿಕೊಡುತ್ತೇವೆ. ಈ ಎರಡೂ ಒಟ್ಟಿಗೆ ಸಿಗುವ ಕ್ಲಾಸಾದರೆ ಧಾರಾಳ ಕಳಿಸಿ.

ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ನಮ್ಮ ಮನೆಗಳಲ್ಲಿ ಅದಕ್ಕೆ ಉತ್ತರ ಹುಡುಕುವ ಕ್ರಮ ಸರಿಯಿಲ್ಲ ಎಂದು ನಮಗನಿಸುತ್ತದೆ. ಮೊದಲು ಫೀಸು ಕೇಳುತ್ತಾರೆ, ಆಮೇಲೆ ಮನೆಗೆ ಎಷ್ಟು ಹತ್ತಿರ ಅಂತ ನೋಡುತ್ತಾರೆ, ಆಮೇಲೆ "ಬ್ಲ್ಯಾಕ್ ಬೆಲ್ಟ್ ಎಷ್ಟು ವರ್ಷಕ್ಕೆ ಸಿಗುತ್ತದೆ" ಅಂತ ವಿಚಾರಿಸುತ್ತಾರೆ. ಕಲಿಸುವವರು ಯಾರು, ಹೇಗೆ ಕಲಿಸುತ್ತಾರೆ ಎಂಬುದು ಕೊನೆಗೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಊರಿನಲ್ಲಿ, ಅಂದರೆ ಮಂಗಳೂರು, ಬಂಟ್ವಾಳ, ಉಡುಪಿ ಕಡೆ, ಇದು ಅಷ್ಟು ದೊಡ್ಡ ಸಮಸ್ಯೆ ಅಲ್ಲ. ಅಲ್ಲಿ ಮಾಸ್ಟರ್ ಯಾರು, ಅವರ ಮನೆ ಎಲ್ಲಿ, ಸ್ವಭಾವ ಹೇಗೆ ಎಂದು ಹೇಳಲು ಕಾಕ, ಮಾಮ, ನೆರೆಕರೆ, ಜಮಾಅತಿನ ಹಿರಿಯರು ಇರುತ್ತಾರೆ. ಇಲ್ಲಿ ನಾವು ಹೋಟೆಲು, ಬೇಕರಿ, ಹಣ್ಣಿನ ಅಂಗಡಿ ಅಂತ ಬಂದು ನೆಲೆಸಿದವರು. ಅಪ್ಪ ಬೆಳಗ್ಗೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ. ಉಮ್ಮನಿಗೆ ಊರು ಹೊಸತು, ಒಬ್ಬಳೇ ಹೋಗಿ ವಿಚಾರಿಸಲು ಸಂಕೋಚ. ಕೊನೆಗೆ ಮಗುವನ್ನು ಆಟೋದಲ್ಲಿ ಕೂರಿಸಿ ಕಳಿಸುತ್ತೇವೆ, ತಿಂಗಳ ಫೀಸು ಫೋನಿನಲ್ಲಿ ಹಾಕುತ್ತೇವೆ. ಆರು ತಿಂಗಳಾದರೂ ಮಾಸ್ಟರ ಮುಖ ನೋಡಿರುವುದಿಲ್ಲ. ಹೊಡೆಯುವುದನ್ನು ಕಲಿಸುವ ಒಬ್ಬ ವ್ಯಕ್ತಿಯ ಕೈಗೆ ನಮ್ಮ ಎಂಟು ವರ್ಷದ ಮಗುವನ್ನು ಕೊಟ್ಟು, ಅವರು ಯಾರೆಂದೇ ತಿಳಿಯದೆ ಇರುವುದು ಸಣ್ಣ ವಿಷಯವಾ? ಮದ್ರಸಕ್ಕೆ ಹೊಸ ಉಸ್ತಾದರು ಬಂದರೆ ಕಮಿಟಿಯವರು ಎಷ್ಟು ವಿಚಾರಿಸುತ್ತಾರೆ! ಅದರ ಅರ್ಧದಷ್ಟಾದರೂ ಇಲ್ಲಿ ವಿಚಾರಿಸಬೇಡವಾ?

ಯಾವ ಕಲೆ ಒಳ್ಳೆಯದು ಎಂಬ ಚರ್ಚೆಯಲ್ಲಿ ಜಾಸ್ತಿ ಹೊತ್ತು ಕಳೆಯಬೇಕಿಲ್ಲ. ಕರಾಟೆ ಜಪಾನಿನ ಓಕಿನಾವಾ ದ್ವೀಪದಿಂದ ಬಂದದ್ದು, ಕೈ ಕಾಲು ಎರಡರ ಕೆಲಸವೂ ಇದೆ. ಟೇಕ್ವಾಂಡೊ ಕೊರಿಯಾದ್ದು, ಕಾಲಿನ ಒದೆ ಹೆಚ್ಚು. ಜೂಡೊದಲ್ಲಿ ಹಿಡಿದು ಕೆಡವುವುದು, ಅದಕ್ಕೆ ದಪ್ಪ ಮ್ಯಾಟ್ ಇಲ್ಲದೆ ಆಗುವುದಿಲ್ಲ. ಇನ್ನು ಈ ಭಾಗದ ಸ್ವಂತ ಕಲೆ ಕುಸ್ತಿ, ಅದನ್ನು ಕಲಿಸುವ ಜಾಗ ಗರಡಿ ಮನೆ. ಗರಡಿ ಅಂದ ಕೂಡಲೇ ಕರಾವಳಿಯವರಿಗೆ ಕೋಟಿ ಚೆನ್ನಯರ ಗರಡಿ ನೆನಪಾಗಬಹುದು. ಇಲ್ಲಿ ಆ ಅರ್ಥವಲ್ಲ, ಮಣ್ಣಿನ ಅಖಾಡದಲ್ಲಿ ಪೈಲ್ವಾನರು ಕಸರತ್ತು ಮಾಡುವ ಮನೆ ಅಂತ ಅರ್ಥ. ಶಾಲಾ ಕ್ರೀಡಾಕೂಟಕ್ಕೆ ಹೋಗುವ ಆಸೆ ಇರುವ ಮಕ್ಕಳಿಗೆ ಇವುಗಳಲ್ಲಿ ಯಾವುದಾದರೂ ಆದೀತು. ಒಲಿಂಪಿಕ್ಸ್ ಕನಸು ಇದ್ದರೆ ಒಂದು ಮಾತು ಗೊತ್ತಿರಲಿ: ಜೂಡೊ, ಕುಸ್ತಿ, ಟೇಕ್ವಾಂಡೊ ಅಲ್ಲಿ ಇವೆ. ಕರಾಟೆ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಒಂದು ಸಲ ಬಂತು, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಹಾಗಂತ ಕರಾಟೆ ಕೀಳೂ ಅಲ್ಲ, ಟೇಕ್ವಾಂಡೊ ಮೇಲೂ ಅಲ್ಲ. ನಮ್ಮಂಥ ಸಣ್ಣ ಊರಿನಲ್ಲಿ ಸಿಗುವುದೇ ಒಂದೆರಡು ಕ್ಲಾಸು. ಹಾಗಾಗಿ ಕಲೆಯ ಹೆಸರು ಪಕ್ಕಕ್ಕಿಟ್ಟು ಕಲಿಸುವವರನ್ನು ಪರೀಕ್ಷೆ ಮಾಡುವುದೇ ಬುದ್ಧಿವಂತಿಕೆ.

ಬೆಲ್ಟಿನ ಮಾತಿಗೆ ಬರೋಣ. ಸೊಂಟಕ್ಕೆ ಕಪ್ಪು ಪಟ್ಟಿ ಕಟ್ಟುವ ಪದ್ಧತಿ ಸಾವಿರಾರು ವರ್ಷದ ಹಳೆಯದು ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಜೂಡೊ ಕಟ್ಟಿದ ಜಿಗೊರೊ ಕಾನೊ 1880ರ ದಶಕದಲ್ಲಿ ಅದನ್ನು ತಂದರು. ಕರಾಟೆಯಲ್ಲಿ ಗಿಚಿನ್ ಫುನಾಕೊಶಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ಕಪ್ಪು ಬೆಲ್ಟ್ ಕೊಟ್ಟದ್ದು 1924ರಲ್ಲಿ. ಫುನಾಕೊಶಿ ವೃತ್ತಿಯಲ್ಲಿ ಶಾಲಾ ಮಾಸ್ಟರ್ ಆಗಿದ್ದವರು. ವಿದ್ಯಾರ್ಥಿ ಎಲ್ಲಿಗೆ ತಲುಪಿದ್ದಾನೆ ಎಂದು ತೋರಿಸುವುದಕ್ಕೆ ಅದು, ನಮ್ಮ ಮದ್ರಸದಲ್ಲಿ ಒಂದನೇ ಕ್ಲಾಸು, ಎರಡನೇ ಕ್ಲಾಸು ಇದ್ದ ಹಾಗೆ. ಈಗ ಕೆಲವು ಕಡೆ ಅದೇ ವ್ಯಾಪಾರ ಆಗಿದೆ. ಎರಡು ಮೂರು ತಿಂಗಳಿಗೊಂದು ಪರೀಕ್ಷೆ, ಪ್ರತಿ ಪರೀಕ್ಷೆಗೂ ಬೇರೆ ಫೀಸು, ಬೆಲ್ಟಿಗೆ, ಸರ್ಟಿಫಿಕೇಟಿಗೆ ಇನ್ನೊಂದು ಫೀಸು, ಫೇಲ್ ಆದವರು ಮಾತ್ರ ಯಾರೂ ಇಲ್ಲ! ವಾರಕ್ಕೆ ಎರಡು ಮೂರು ದಿನ ಕಲಿಯುವ ಮಗುವಿಗೆ ಕಪ್ಪು ಬೆಲ್ಟ್ ತಲುಪಲು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ, ಕೆಲವು ಸಲ ಇನ್ನೂ ಹೆಚ್ಚು ಹಿಡಿಯುತ್ತದೆ. "ಒಂದು ವರ್ಷದಲ್ಲಿ ಗ್ಯಾರಂಟಿ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಸಲಾಂ ಹೇಳಿ ಬಂದುಬಿಡಿ.

ಗೋಡೆಯ ಮೇಲೆ ಫ್ರೇಮ್ ಹಾಕಿಸಿದ ಸರ್ಟಿಫಿಕೇಟುಗಳನ್ನು ಕಂಡು ಹೆದರಬೇಡಿ, ಕೇಳಿ. ಇದು ಯಾರು ಕೊಟ್ಟದ್ದು? ಅವರಿಗೆ ಕೊಡುವ ಅಧಿಕಾರ ಯಾರು ಕೊಟ್ಟದ್ದು? ನೀವು ಯಾರ ಹತ್ತಿರ ಕಲಿತದ್ದು, ಎಷ್ಟು ವರ್ಷ? ಟೇಕ್ವಾಂಡೊದಲ್ಲಿ ಇದು ಸುಲಭ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿರುವ ಕುಕ್ಕಿವಾನ್ ಸಂಸ್ಥೆ ಕೊಡುವ ಕಪ್ಪು ಬೆಲ್ಟ್ ಸರ್ಟಿಫಿಕೇಟಿಗೆ ನಂಬರ್ ಇರುತ್ತದೆ, ಅದನ್ನು ಹಾಕಿ ನಿಜವಾ ಎಂದು ನೋಡಬಹುದು. ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಅವರು ಪೂರ್ತಿ ಕಪ್ಪು ದರ್ಜೆ ಕೊಡದೆ ಪೂಮ್ ಎಂಬ ಬೇರೆ ದರ್ಜೆ ಕೊಡುತ್ತಾರೆ. ಕರಾಟೆಯಲ್ಲಿ ಇಷ್ಟು ಸಲೀಸು ಇಲ್ಲ. ಅದರಲ್ಲಿ ಶೋಟೊಕಾನ್, ಶಿಟೊ ರ್ಯು, ಗೋಜು ರ್ಯು ಅಂತ ಹಲವು ಪರಂಪರೆಗಳು, ಸಂಘಗಳೂ ಹಲವು. ದೇಶಮಟ್ಟದ ಸಂಘದ ಜಗಳದ ನಡುವೆ 2020ರಲ್ಲಿ ವಿಶ್ವ ಕರಾಟೆ ಫೆಡರೇಶನ್ ಭಾರತದ ಸಂಘದ ಮಾನ್ಯತೆಯನ್ನೇ ಹಿಂತೆಗೆದುಕೊಂಡದ್ದೂ ಆಯಿತು. ಮೇಲಿನವರ ಗತಿಯೇ ಹೀಗಿರುವಾಗ "ಇಂಟರ್‌ನ್ಯಾಶನಲ್" ಅಂತ ಬೋರ್ಡಿನಲ್ಲಿ ಬರೆದದ್ದಕ್ಕೆ ಏನು ಬೆಲೆ? ತನ್ನ ಗುರುವಿನ ಹೆಸರನ್ನು ತಡವರಿಸದೆ ಹೇಳುವ, ಕೇಳಿದ್ದಕ್ಕೆ ಸಿಟ್ಟಾಗದ ಮಾಸ್ಟರ್ ಇದ್ದರೆ ಅದು ಬೋರ್ಡಿಗಿಂತ ಮೇಲು.

ಇದೆಲ್ಲಕ್ಕಿಂತ ಮುಖ್ಯ ಒಂದಿದೆ. ಫೀಸು ಕೊಡುವ ಮೊದಲು ಒಂದು ಪೂರ್ತಿ ಕ್ಲಾಸು ಕೂತು ನೋಡಿ. "ಹೆತ್ತವರು ಒಳಗೆ ಬರುವ ಹಾಗಿಲ್ಲ" ಎಂದರೆ ಅಲ್ಲಿಗೆ ನಿಮ್ಮ ಮಗುವೂ ಹೋಗಬೇಕಿಲ್ಲ. ಕೂತಾಗ ಏನು ನೋಡಬೇಕು?

ಮೊದಲ ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡುವ ವ್ಯಾಯಾಮ ಇದೆಯಾ ನೋಡಿ. ಬಂದ ಕೂಡಲೇ ಒದೆ ಹಾಕಿಸಿದರೆ ಸ್ನಾಯು ಎಳೆದುಕೊಳ್ಳುತ್ತದೆ. ಎಷ್ಟು ಮಕ್ಕಳಿಗೆ ಎಷ್ಟು ಜನ ಕಲಿಸುವವರು ಎಂದು ಎಣಿಸಿ. ಐವತ್ತು ಮಕ್ಕಳಿಗೆ ಒಬ್ಬರೇ ಆದರೆ ಹಿಂದಿನ ಸಾಲಿನ ಮಗು ತಪ್ಪನ್ನೇ ಕಲಿಯುತ್ತದೆ. ಹೊಸದಾಗಿ ಸೇರಿದ ಮಗುವನ್ನು ಯಾರ ಜೊತೆ ನಿಲ್ಲಿಸುತ್ತಾರೆ ನೋಡಿ. ಸಣ್ಣವನನ್ನು ದೊಡ್ಡವನ ಎದುರು ಬಿಟ್ಟು "ಧೈರ್ಯ ಬರಲಿ" ಅನ್ನುವವರಿದ್ದಾರೆ. ಅದರಿಂದ ಬರುವುದು ಹೆದರಿಕೆ ಮಾತ್ರ. ಗಂಗಾವತಿಯ ಪಕ್ಕದ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿನ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಜಟ್ಟಿಗಳ ಚಿತ್ರ ಇದೆ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆ ಹಬ್ಬದ ಕುಸ್ತಿಯ ಬಗ್ಗೆ ಬರೆದಿದ್ದಾನೆ. ಹಲ್ಲು ಮುರಿಯುವಷ್ಟು ಜೋರಾದ ಆಟ ಅದು. ಅಂಥದ್ದರಲ್ಲೂ ಇಬ್ಬರನ್ನು ಸರಿಸಮವಾಗಿ ನಿಲ್ಲಿಸಲು ತೀರ್ಪುಗಾರರು ಇದ್ದರಂತೆ. ಐದುನೂರು ವರ್ಷದ ಹಿಂದೆ ದೊಡ್ಡ ಜಟ್ಟಿಗಳಿಗೆ ಇದ್ದ ಆ ನ್ಯಾಯ ಇವತ್ತು ನಮ್ಮ ಮಕ್ಕಳಿಗೆ ಬೇಡವಾ?

ನೆಲ ನೋಡಿ. ಬರೀ ಸಿಮೆಂಟಿನ ಮೇಲೆ ಎತ್ತಿ ಹಾಕುವ ಪಟ್ಟು ಕಲಿಸಿದರೆ ಒಪ್ಪಬೇಡಿ. ತಗಡಿನ ಶೆಡ್ ಆದರೆ ಏಪ್ರಿಲ್, ಮೇ ತಿಂಗಳ ಇಲ್ಲಿನ ಬಿಸಿಲು ನಿಮಗೆ ಗೊತ್ತೇ ಇದೆ. ನಡುವೆ ನೀರು ಕುಡಿಯಲು ಬಿಡುತ್ತಾರಾ, ಅಥವಾ ಬಾಯಾರಿಕೆ ತಡೆಯುವುದೇ ತರಬೇತಿ ಅನ್ನುತ್ತಾರಾ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿ. ತಪ್ಪು ಮಾಡಿದ ಮಗುವಿಗೆ ಬೆತ್ತದಲ್ಲಿ ಬಾರಿಸುತ್ತಾರಾ, ಎಲ್ಲರ ಎದುರು ಗೇಲಿ ಮಾಡುತ್ತಾರಾ? ಹೊಡೆದು ಕಲಿಸಿದರೆ ಪಾಠ ತಲೆಗೆ ಹತ್ತುವುದಿಲ್ಲ ಎಂದು ಮದ್ರಸದಲ್ಲೇ ನಾವು ಬೆತ್ತ ಕೆಳಗಿಟ್ಟಾಯಿತು. ಕರಾಟೆ ಕ್ಲಾಸಿಗೆ ಬೇರೆ ನಿಯಮ ಯಾಕೆ?

ತಲೆ, ಮುಖಕ್ಕೆ ಹೊಡೆತದ ಬಗ್ಗೆ ಖಡಾಖಂಡಿತ ಕೇಳಿ. ಮುಖಕ್ಕೆ ಹೊಡೆಯಬಾರದೆಂದು ಪ್ರವಾದಿ(ಸ)ರ ಸ್ಪಷ್ಟ ಸೂಚನೆ ನಮಗಿದೆ. ವೈದ್ಯರ ಮಾತೂ ಬೇರೆಯಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಪ್ರಕಟಿಸಿದ ವರದಿ ಮಕ್ಕಳ ಸ್ಪರ್ಧೆಗಳಲ್ಲಿ ತಲೆಗೆ ಹೊಡೆತ ಬೇಡ ಅನ್ನುತ್ತದೆ, ಹೆಲ್ಮೆಟ್ ಹಾಕಿದರೆ ಮೆದುಳಿಗೆ ಪೆಟ್ಟಾಗುವುದಿಲ್ಲ ಎಂಬ ನಂಬಿಕೆಗೆ ಆಧಾರ ಇಲ್ಲ ಎಂದೂ ಹೇಳುತ್ತದೆ. ಹೊಸಬರಿಗೆ ಮುಟ್ಟದೆ ನಿಲ್ಲಿಸುವ ಅಭ್ಯಾಸವೇ ಸಾಕು. ಗುರಿಯ ಹತ್ತಿರ ಕೈ ನಿಲ್ಲಿಸಲು ಹೊಡೆಯುವುದಕ್ಕಿಂತ ಹೆಚ್ಚು ಹಿಡಿತ ಬೇಕು. ಹಾಗೆಯೇ ಸ್ಕೂಲ್ ಡೇ ದಿನ ಹಣೆಯಲ್ಲಿ ಹೆಂಚು ಒಡೆಸುವುದು, ಹೊಟ್ಟೆಯ ಮೇಲೆ ಬೈಕ್ ಹತ್ತಿಸುವುದು ನಡೆಯುತ್ತದೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಮಕ್ಕಳ ಎಲುಬು ಇನ್ನೂ ಬೆಳೆಯುತ್ತಿರುತ್ತದೆ, ಆ ವಯಸ್ಸಿನಲ್ಲಿ ಬಿದ್ದ ಪೆಟ್ಟು ಬೆಳವಣಿಗೆಗೇ ತೊಂದರೆ ಕೊಡಬಹುದು. ಅಂಥ ಪ್ರದರ್ಶನದಲ್ಲಿ ನಮ್ಮ ಮಗು ಇರುವುದು ಬೇಡ ಎಂದು ಮೊದಲೇ ಹೇಳಿಬಿಡಿ.

ಬಾಗುವ ವಿಷಯ ಹಲವು ಮನೆಗಳಲ್ಲಿ ಚರ್ಚೆಗೆ ಬರುತ್ತದೆ. ಕ್ಲಾಸಿನ ಶುರುವಿಗೆ, ಕೊನೆಗೆ ಮಾಸ್ಟರಿಗೂ ಜೊತೆಗಾರನಿಗೂ ಬಾಗುವುದು ಜಪಾನಿನವರ ನಮಸ್ಕಾರದ ಕ್ರಮ, ಅವರು ಅದನ್ನು ಪೂಜೆ ಎಂದು ಮಾಡುವುದಿಲ್ಲ. ಆದರೆ ರುಕೂಅ್, ಸುಜೂದ್ ಅಲ್ಲಾಹನಿಗೆ ಮಾತ್ರ ಎಂದು ಕಲಿತ ಮಗುವಿಗೆ ಗೊಂದಲ ಆಗುವುದು ಸಹಜ. ಇದಕ್ಕೆ ಜಗಳ ಬೇಡ, ಮೌನವೂ ಬೇಡ. ಸೇರಿಸುವ ದಿನವೇ ಮಾಸ್ಟರಿಗೆ ವಿನಯದಿಂದ ವಿಷಯ ತಿಳಿಸಿ, ನೇರ ನಿಂತು ಎದೆಯ ಮೇಲೆ ಕೈ ಇಟ್ಟು ಗೌರವ ತೋರಿಸಿದರೆ ಆಗುತ್ತದಾ ಕೇಳಿ. ಒಳ್ಳೆಯ ಮಾಸ್ಟರಾದರೆ ಒಪ್ಪಲು ಕಷ್ಟಪಡುವುದಿಲ್ಲ. ಫೋಟೊದ ಎದುರು ತಲೆ ನೆಲಕ್ಕೆ ಮುಟ್ಟಿಸಲೇಬೇಕು ಎಂಬ ಹಠ ಇದ್ದರೆ ನಾವು ಬೇರೆ ಕಡೆ ನೋಡಬೇಕು, ಅಷ್ಟೆ.

ಹೆಣ್ಣುಮಕ್ಕಳ ವಿಷಯದಲ್ಲಿ "ಅವಳಿಗೆ ಯಾಕೆ ಅದು" ಎನ್ನುವುದನ್ನು ಬಿಡೋಣ. ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಕೇಂದ್ರ ಯೋಜನೆಯಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ವಸತಿ ಶಾಲೆ, ಹಾಸ್ಟೆಲುಗಳಿಗೆ ರಾಜ್ಯದ ಒನಕೆ ಓಬವ್ವ ತರಬೇತಿ ಇದೆ. ನಿಮ್ಮ ಮಗಳ ಶಾಲೆಯಲ್ಲಿ ನಡೆಯುತ್ತದಾ ಎಂದು ಹೆಡ್‌ಮಾಸ್ಟರನ್ನು ಕೇಳಿ. ಇದ್ದರೆ ಖರ್ಚಿಲ್ಲದೆ ಕಣ್ಣೆದುರೇ ಸಿಗುತ್ತದೆ. ಬಟ್ಟೆಯ ನೆಪವೂ ಬೇಡ. ಟೇಕ್ವಾಂಡೊ, ಕರಾಟೆ ಎರಡರ ವಿಶ್ವಮಟ್ಟದ ಸ್ಪರ್ಧೆಗಳಲ್ಲೂ ತಲೆವಸ್ತ್ರಕ್ಕೆ ಅವಕಾಶ ಇದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಇರಾನಿನ ಕಿಮಿಯಾ ಅಲಿಝಾದೆ ತಲೆವಸ್ತ್ರ ತೊಟ್ಟೇ ಟೇಕ್ವಾಂಡೊದಲ್ಲಿ ಕಂಚು ಗೆದ್ದರು. ಖಾಸಗಿ ಕ್ಲಾಸಾದರೆ ಕಲಿಸುವ ಮಹಿಳೆ ಇದ್ದಾರಾ, ಇಲ್ಲದಿದ್ದರೆ ಮೈ ಮುಟ್ಟಿ ತಿದ್ದುವ ಬದಲು ತೋರಿಸಿ ತಿದ್ದುತ್ತಾರಾ, ಬಟ್ಟೆ ಬದಲಿಸಲು ಸರಿಯಾದ ಜಾಗ ಇದೆಯಾ ನೋಡಿ. ಸ್ಪರ್ಧೆಗೆ ಬೇರೆ ಊರಿಗೆ ಹೋಗುವುದಾದರೆ ಮನೆಯವರೊಬ್ಬರು ಜೊತೆಗೆ ಹೋಗಲೇಬೇಕು. ಇದು ಗಂಡುಮಕ್ಕಳಿಗೂ ಅನ್ವಯ. ಗಂಡು ಹುಡುಗರಿಗೆ ಏನೂ ಆಗುವುದಿಲ್ಲ ಎಂಬ ಭ್ರಮೆ ಬೇಡ. 2012ರ ಪೋಕ್ಸೊ ಕಾನೂನು 18 ವರ್ಷದ ಒಳಗಿನ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ರಕ್ಷಣೆ ಕೊಡುತ್ತದೆ. ಮಗು "ನಾನು ಅಲ್ಲಿಗೆ ಹೋಗುವುದಿಲ್ಲ" ಎಂದು ಅತ್ತರೆ ಬೈದು ಕಳಿಸಬೇಡಿ, ಯಾಕೆ ಎಂದು ಮೆಲ್ಲಗೆ ಕೇಳಿ. ಸಂಶಯ ಇದ್ದರೆ 1098ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು ಹೇಳಲು ಹಿಂಜರಿಕೆ ಆದರೂ ಹೇಳಲೇಬೇಕು. 2022ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಕರಾಟೆ ಕ್ಲಾಸಿನ ಹೆಸರಲ್ಲಿ ಬೇರೆಯೇ ತರಬೇತಿ ನಡೆಯುತ್ತಿತ್ತು ಎಂದು ಪೊಲೀಸರು ಕೇಸು ಹಾಕಿದರು, ಮುಂದೆ ಅದು ಎನ್‌ಐಎ ಕೈಗೆ ಹೋಯಿತು. ತೀರ್ಪು ಹೇಳುವುದು ಕೋರ್ಟಿನ ಕೆಲಸ. ನಮ್ಮ ಕೆಲಸ ನಮ್ಮ ಮಕ್ಕಳನ್ನು ಕಾಯುವುದು. ಸಿಟ್ಟಿನ ವಯಸ್ಸಿನ ಹುಡುಗರನ್ನು ಕೂಡಿಸಿ, ವ್ಯಾಯಾಮದ ನಡುವೆ "ಅವರು ಹೀಗೆ, ನಾವು ರೆಡಿ ಇರಬೇಕು" ಎಂದು ಯಾರೇ ಹೇಳಲಿ, ಯಾವ ಧರ್ಮದವರೇ ಹೇಳಲಿ, ಅದು ಕಲೆಯಲ್ಲ. ಬಾಗಿಲು ತೆರೆದಿರುವ, ಶಾಲೆಯ ಹಾಲಿನಲ್ಲೋ ಕ್ರೀಡಾಂಗಣದಲ್ಲೋ ಹಾಡಹಗಲೇ ನಡೆಯುವ, ಎಲ್ಲ ಮನೆಯ ಮಕ್ಕಳೂ ಬರುವ ಕ್ಲಾಸಿಗೆ ಮಾತ್ರ ಕಳಿಸಿ. ನಮ್ಮ ಹುಡುಗ, ರೈತರ ಹುಡುಗ, ಪಕ್ಕದ ಅಂಗಡಿಯವರ ಹುಡುಗ ಒಂದೇ ಸಾಲಿನಲ್ಲಿ ನಿಂತು ಬೆವರು ಸುರಿಸಿದರೆ ನಾಳೆ ಬಜಾರಿನಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ. ಬೇರೆ ಊರಿಂದ ಬಂದ ನಮಗೆ ಆ ಗೆಳೆತನ ಯಾವ ಬೆಲ್ಟಿಗಿಂತಲೂ ದೊಡ್ಡ ರಕ್ಷಣೆ.

ಹಣದ ವಿಷಯ ಮೊದಲೇ ಬಾಯಿ ಬಿಟ್ಟು ಕೇಳಿ. ತಿಂಗಳ ಫೀಸು ಎಷ್ಟು, ಬಟ್ಟೆಗೆ ಎಷ್ಟು, ಪರೀಕ್ಷೆ ವರ್ಷಕ್ಕೆ ಎಷ್ಟು ಸಲ, ಸ್ಪರ್ಧೆಗೆ ಹೋಗುವುದು ಕಡ್ಡಾಯವಾ? ಇಡೀ ವರ್ಷದ್ದು ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳು ನೋಡಿ ಆಮೇಲೆ ಬಟ್ಟೆ ಹೊಲಿಸಿ. ಸಮಯದ ಮಾತೂ ಹಾಗೆಯೇ. ಕ್ಲಾಸಿಗಾಗಿ ಬೆಳಗ್ಗಿನ ಮದ್ರಸ ಬಿಡಿಸುವುದು ಬೇಡ, ಮದ್ರಸಕ್ಕಾಗಿ ಮಗುವಿನ ಆಟ ನಿಲ್ಲಿಸುವುದೂ ಬೇಡ. ಹೊತ್ತು ಹೊಂದಿಸುವುದಾದರೆ ನಾವು ಉಸ್ತಾದರೂ ಕೂತು ಮಾತಾಡಲು ತಯಾರು. ರಮಝಾನಿನಲ್ಲಿ ಉಪವಾಸ ಹಿಡಿದ ಮಕ್ಕಳಿಗೆ ಹಗುರ ಅಭ್ಯಾಸ ಕೊಡುತ್ತಾರಾ ಎಂದೂ ಕೇಳಿಡಿ.

ಹತ್ತು ದಿನದ ಆತ್ಮರಕ್ಷಣೆಯಿಂದ ಜಾಸ್ತಿ ನಿರೀಕ್ಷೆ ಮಾಡಬೇಡಿ. ಹತ್ತು ದಿನದಲ್ಲಿ ನಾಲ್ಕು ಪಟ್ಟು ಬಾಯಿಪಾಠ ಆಗಬಹುದು, ಮೈಗೆ ಹತ್ತುವುದಿಲ್ಲ. ಅಪಾಯ ಬಂದರೆ ಕೂಗು, ಓಡು, ಜನ ಇರುವಲ್ಲಿಗೆ ಹೋಗು, 112ಕ್ಕೆ ಫೋನ್ ಮಾಡು ಎಂದು ಮೊದಲ ಪಾಠವಾಗಿ ಹೇಳಿಕೊಡುವ ಮಾಸ್ಟರೇ ಸರಿಯಾದ ಮಾಸ್ಟರ್. ಮೂರು ಜನರನ್ನು ಒಂದೇ ಏಟಿಗೆ ಕೆಡವುವ ಕನಸು ತುಂಬುವವರು ಮಗುವನ್ನು ಅಪಾಯದ ಕಡೆಗೇ ತಳ್ಳುತ್ತಾರೆ.

ಎಲ್ಲ ನೋಡಿದ ಮೇಲೂ ನಿಮ್ಮ ಊರಿನಲ್ಲಿ ಮನಸ್ಸಿಗೆ ಒಪ್ಪುವ ಕ್ಲಾಸು ಸಿಗದೆ ಇರಬಹುದು. ಆಗ ಇದ್ದದ್ದರಲ್ಲಿ ಒಂದಕ್ಕೆ ಸೇರಿಸಿ ಕೈ ತೊಳೆದುಕೊಳ್ಳಬೇಡಿ. ಶಾಲೆಯ ಪಿ.ಟಿ. ಮಾಸ್ಟರ ಹತ್ತಿರ ಕಬಡ್ಡಿ, ಓಟ ಕಲಿಯಲಿ. ಹತ್ತಿರದ ಗರಡಿಯಲ್ಲಿ ಒಳ್ಳೆಯ ಉಸ್ತಾದ ಪೈಲ್ವಾನರಿದ್ದರೆ ದಂಡೆ, ಬೈಠಕ್ ಹೊಡೆಯಲಿ. ಕೆಟ್ಟ ಕ್ಲಾಸಿನ ಎರಡು ವರ್ಷಕ್ಕಿಂತ ಕಬಡ್ಡಿಯ ಎರಡು ವರ್ಷ ಮಗುವಿಗೆ ಹೆಚ್ಚು ಕೊಡುತ್ತದೆ.

ನಮ್ಮದೊಂದು ಸಲಹೆ ಇದೆ. ಒಬ್ಬೊಬ್ಬರೇ ಹೋಗಿ ವಿಚಾರಿಸಲು ಅಂಗಡಿ ಬಿಡುವುದು ಕಷ್ಟ ಎಂಬುದು ನಮಗೂ ಗೊತ್ತು. ನಾಲ್ಕೈದು ಮನೆಯವರು ಸೇರಿ ಸರದಿ ಮಾಡಿಕೊಳ್ಳಿ. ಈ ವಾರ ಒಬ್ಬರು ಅಪ್ಪ, ಮುಂದಿನ ವಾರ ಇಬ್ಬರು ಉಮ್ಮಂದಿರು, ಹೀಗೆ ತಿಂಗಳಿಗೆ ನಾಲ್ಕು ಸಲ ಯಾರಾದರೊಬ್ಬರು ಆ ಹಾಲಿನ ಮೂಲೆಯಲ್ಲಿ ಒಂದು ಗಂಟೆ ಕೂತಿರಲಿ. ನೋಡಿದ್ದನ್ನು ಜುಮಾ ಮುಗಿದ ಮೇಲೆ ಉಳಿದವರಿಗೆ ಹೇಳಲಿ. ಹೆತ್ತವರ ಕಣ್ಣು ತಮ್ಮ ಮೇಲಿದೆ ಎಂದು ಗೊತ್ತಾದ ಕ್ಲಾಸು ತಾನಾಗಿಯೇ ಸರಿದಾರಿಯಲ್ಲಿ ನಡೆಯುತ್ತದೆ. ಈ ಬೇಸಿಗೆಯಲ್ಲಿ ಚೀಟಿ ಮನೆಗೆ ಬಂದಾಗ ಫೀಸಿನ ನಂಬರಿಗೆ ಹಣ ಕಳಿಸುವ ಮೊದಲು ಆ ಒಂದು ಗಂಟೆ ಹೋಗಿ ಕೂತು ಬನ್ನಿ.